ಮಾಫಿ ಚೀಟಿ

ಲಿಂಗಸುಗೂರು
12 ಜನವರಿ 2025, ಭಾನುವಾರ

ಪ್ರೀತಿಯ ತಂಗಿ ಪಂಪಾವತಿಗೆ,

ಕರ್ತನ ನಾಮದಲ್ಲಿ ವಂದನೆಗಳು. ಫೋನ್ ಮಾಡಿ ಮಾಡಿ ಸಾಕಾಯಿತು. ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ. ಹರಿದು ಹಾಕಬೇಡ, ಪೂರ್ತಿ ಓದು.

ನಾವು ತುರ್ವಿಹಾಳ ಬಿಟ್ಟು ಇಲ್ಲಿಗೆ ಬಂದ ಮೇಲೆ ನಾನು ಹುಸೇನಪ್ಪ ಪಾಸ್ಟರ್ ಅವರ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದೇನೆ. ಮೊದಲು ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡಿಸಲು ಹೋದೆ, ಆಮೇಲೆ ಬಿಡಲಾಗಲಿಲ್ಲ. ಈ ಸಲ ಈಸ್ಟರ್ ಹಬ್ಬಕ್ಕೆ ನನಗೆ ದೀಕ್ಷಾಸ್ನಾನ. ಅದಕ್ಕೆ ಮುಂಚೆ ಪಾಸ್ಟರ್ ಕೇಳಿದರು, ಯಾರಿಗಾದರೂ ಅನ್ಯಾಯ ಮಾಡಿದ್ದೀಯೇನಮ್ಮ ಅಂತ. ನಿನ್ನ ವಿಷಯ ಹೇಳಿದೆ.

2016ರ ಶ್ರಾವಣದಲ್ಲಿ ನಾವಿಬ್ಬರೂ ಊರ ಪಕ್ಕದ ರೈತರ ಕ್ಯಾಂಪಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಾಗ, ಸಾರು ಉಂಡ ಹದಿನೇಳು ಮಕ್ಕಳು ವಾಂತಿ ಮಾಡಿಕೊಂಡು ಸಿಂಧನೂರು ಆಸ್ಪತ್ರೆ ಸೇರಿದರು. ದೇವರ ದಯೆ, ಎಲ್ಲರೂ ಉಳಿದರು. ಸಾರಿಗೆ ನೀರು ತಂದ ಬಕೆಟಿನಲ್ಲಿ ಭತ್ತದ ಹುಳಕ್ಕೆ ಹೊಡೆಯುವ ಎಣ್ಣೆಯ ವಾಸನೆ ಬಂತು. ಅದು ಪಂಪಾವತಿಯ ಬಕೆಟು ಅಂತ ಎಲ್ಲರೂ ಅಂದರು. ಅಲ್ಲ ಅಂತ ನನಗೆ ಗೊತ್ತಿತ್ತು. ನಾನು ಸುಮ್ಮನೆ ನಿಂತೆ. ನಿನ್ನ ಕೆಲಸ ಹೋಯಿತು. ಆ ಮೌನವೇ ನನ್ನ ಪಾಪ.

ಆಕೆಯ ಜೊತೆ ಸಮಾಧಾನ ಮಾಡಿಕೊಂಡು ಬಾ, ಆಮೇಲೆ ನೀರಿಗೆ ಇಳಿಸುತ್ತೇನೆ ಅಂದಿದ್ದಾರೆ ಪಾಸ್ಟರ್. ಜಾಸ್ತಿ ಏನೂ ಬೇಡ. "ಅಮರೇಶ್ವರಿಯನ್ನು ಕ್ಷಮಿಸಿದ್ದೇನೆ" ಅಂತ ಒಂದು ಸಾಲು ಬರೆದು ಸಹಿ ಮಾಡಿ ಕಳಿಸು. ನಿನಗೆ ತ್ರಾಸು ಆಗಬಾರದು ಅಂತ ವಿಳಾಸ ಬರೆದು, ಅಂಚೆ ಚೀಟಿ ಹಚ್ಚಿದ ಲಕೋಟೆಯನ್ನೂ ಇದರೊಳಗೆ ಇಟ್ಟಿದ್ದೇನೆ.

ನಿನಗಾಗಿ ದಿನಾ ಪ್ರಾರ್ಥಿಸುವ,
ನಿನ್ನ ಅಕ್ಕ ಅಮರೇಶ್ವರಿ


ತುರ್ವಿಹಾಳ
24 ಜನವರಿ 2025

ಅಮರೇಶ್ವರಿಗೆ,

ತಂಗಿ ಗಿಂಗಿ ಅನಬ್ಯಾಡ. ಅಕ್ಕ ಅಂತ ಕರದು ಕರದು ನನ್ನ ಬಾಯಿ ಸುಟಗೊಂಡೀನಿ.

ಮಾಫಿ ಚೀಟಿ ಬೇಕಂತ! ನಾ ಏನು ರೇಷನ್ ಅಂಗಡಿ ಇಟ್ಟೀನೇನು, ಬಂದ ಬಂದವ್ರಿಗೆ ಚೀಟಿ ಹರದು ಕೊಡಾಕ? ಮ್ಯಾಲೆ ಲಕೋಟಿ ಬ್ಯಾರೆ ಇಟ್ಟಾಳ, ನನಗ ತ್ರಾಸು ಆಗಬಾರದಂತ. ಅಯ್ಯ ನನ್ನವ್ವ, ಎಂಟು ವರ್ಷದಾಗ ಇವತ್ತು ನೆನಪಾತೇನು ನನ್ನ ತ್ರಾಸು? ಲಕೋಟಿ ಚೊಲೋ ಐತಿ, ಇಟಗೊಂಡೀನಿ. ನಮ್ಮ ಮನ್ಯಾಗ ಬುದ್ಧನ ಫೋಟೋ ಐತಿ, ಅದರ ಹಿಂದ ಸಿಗಿಸೀನಿ. ಅಂವ ಒಬ್ಬಾವ ನನಗ ಇಷ್ಟು ದಿನ ಏನೂ ಕೇಳಿಲ್ಲ.

ನಿನ್ನ ಸುದ್ದಿ ನನಗ ಗೊತ್ತಿಲ್ಲ ಅಂತ ತಿಳಿಬ್ಯಾಡ. ಮಸ್ಕಿ ಬಸವಣ್ಣೆಮ್ಮ ನನ್ನ ಜೋಡಿ ಸಿಂಧನೂರು ರೈಸ್ ಮಿಲ್ಲಿನ್ಯಾಗ ನೆಲ್ಲು ಒಣಗಸ್ತಾಳ, ಭಾನುವಾರಕ್ಕೊಮ್ಮೆ ನಿಮ್ಮ ಮಂದಿರಕ್ಕೂ ಬರ್ತಾಳ. ನೀ ಮೈಕ್ ಹಿಡದು ಸಾಕ್ಷಿ ಹೇಳ್ತೀಯಂತ. ನಾನು ಪಾಪಿ ಅಂತ ಗಳಗಳ ಅಳ್ತೀಯಂತ. ಮಂದಿ ಸ್ತೋತ್ರ ಸ್ತೋತ್ರ ಅಂತಾರಂತ. ನನ್ನ ಹೆಸರು ಮಾತ್ರ ಬಾಯಾಗ ಬರೂದಿಲ್ಲಂತ, "ಒಬ್ಬ ಸಹೋದರಿ" ಅಂತೀಯಂತ. ಏನ್ ದೊಡ್ಡ ಮನಸು ಬೇ ನಿಂದು! ಲಿಂಗಸುಗೂರಿನ್ಯಾಗ ನನಗ ಯಾರೂ ಏನೂ ಅಂದಿಲ್ಲ. ಅಲ್ಲಿ ಅತ್ತು ಯಾರಿಗೆ ತೋರಸ್ತಿ? ಅಂದೋರು ಇಲ್ಲಿ ಅದಾರ. ಅಳೂದಿದ್ರ ಇಲ್ಲಿ ಬಂದು ಅಳು.

ಈಗ ಬಿದ್ದಿರೂದು ಕೇಳು. ನನ್ನ ಮಗಳು ದೀಪಿಕಾ ನಿನಗ ಗೊತ್ತಲ್ಲ, ನಿನ್ನ ಸೆರಗು ಹಿಡದು ಅಡ್ಡಾಡತಿದ್ದಳು. ಪಿಯುಸಿ ಮುಗಿಸಿ ಕ್ಯಾಂಪಿನ ಅಂಗನವಾಡಿ ಟೀಚರ್ ಕೆಲಸಕ್ಕ ಅರ್ಜಿ ಹಾಕ್ಯಾಳ. ಪಟ್ಟಿಯಾಗ ಮೊದಲ್ನೇ ಹೆಸರು ಆಕೀದೇ ಬಂದೈತಿ. ಕ್ಯಾಂಪಿನವ್ರು ನಲವತ್ತು ಸಹಿ ಮಾಡಿ ತಕರಾರು ಕೊಟ್ಟಾರ. ಏನಂತ? "ಮಕ್ಕಳಿಗೆ ವಿಷ ಉಣಿಸಿದಾಕಿ ಮಗಳ ಕೈಯಾಗ ನಮ್ಮ ಕೂಸು ಬಿಡೂದಿಲ್ಲ." ಮಾರ್ಚ್ ಹದಿನೇಳಕ್ಕ ಅಂಗನವಾಡಿ ಮುಂದ ಸಭಾ ಕರದಾರ, ಸಿಂಧನೂರು ಅಂಗನವಾಡಿ ಆಫೀಸಿನ ಮೇಡಂ ಬಂದು ಎಲ್ಲಾರ ಮಾತು ಕೇಳ್ತಾರ. ಅವತ್ತಿಗೆ ಹುಡುಗಿ ಹಣೆಬರ ಬರಿಯೂದು.

ಅವತ್ತು ಬಾ. ಆ ಬಕೀಟು ನಂದು ಅಂತ ಅಲ್ಲಿ ನಿಂತು ಹೇಳು. ನಿನ್ನ ಪಾಪಕ್ಕ ನನ್ನ ಮಗಳು ಯಾಕ ಬಲಿ ಆಗಬೇಕು?

ಪಂಪಾವತಿ


ಲಿಂಗಸುಗೂರು
9 ಫೆಬ್ರವರಿ 2025

ಪಂಪಾವತಿಗೆ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಇಷ್ಟು ಕೆಟ್ಟ ಬಾಯಿ ನಿನಗೆ ಯಾವಾಗ ಬಂತು? ನಾನು ತಗ್ಗಿ ಬಗ್ಗಿ ಬರೆದೆ. ನೀನು ಮುಖಕ್ಕೆ ಉಗುಳಿದ ಹಾಗೆ ಬರೆದಿದ್ದೀ.

ನನ್ನ ಪಾಪವನ್ನು ಕರ್ತನು ಕ್ಷಮಿಸಿದ್ದಾನೆ. ಅವನೇ ಕ್ಷಮಿಸಿದ ಮೇಲೆ ನೀ ಯಾರು ಬೇಡ ಅನ್ನಾಕ? ಪಾಸ್ಟರ್ ಹಟ ಹಿಡಿದಾರಂತ ನಿನ್ನ ಕೇಳಾಕತ್ತೀನಿ, ಅಷ್ಟೇ.

ದೀಪಿಕಾಗ ಕೆಲಸ ಸಿಗಲಿ ಅಂತ ನಾನೂ ಪ್ರಾರ್ಥನೆ ಮಾಡ್ತೀನಿ. "ಪಂಪಾವತಿ ಒಳ್ಳೆಯ ಹೆಣ್ಣುಮಗಳು" ಅಂತ ಆಫೀಸಿಗೆ ಒಂದು ಕಾಗದ ಬರಕೊಡ್ತೀನಿ ಬೇಕಾದ್ರ. ಸಭಾಕ್ಕ ಮಾತ್ರ ಕರಿಬ್ಯಾಡ. ನಮ್ಮೆಜಮಾನ್ರು ಈಗ ಇಲ್ಲಿ ಬೀಜ, ಹುಳಕ್ಕ ಹೊಡಿಯೂ ಎಣ್ಣಿ ಅಂಗಡಿ ಇಟ್ಟಾರ. ಸುದ್ದಿ ಹಬ್ಬಿದ್ರ ಯಾವ ರೈತ ಬಂದಾನು? "ಸತ್ತ ಹಾವು ಎತ್ತಿ ಕೊರಳಿಗೆ ಹಾಕ್ಕೋತೀಯೇನು" ಅಂತ ಬೈಯಾಕತ್ತಾರ.

ಇನ್ನೊಂದು ಮಾತು. ಎಲ್ಲಾ ನನ್ನ ತಲಿ ಮ್ಯಾಲೆ ಹಾಕಬ್ಯಾಡ. ನಳದ ಹತ್ರ ಎಲ್ಲಾರ ಬಕೀಟೂ ಒಂದೇ ನಮೂನಿ ಅಂತ ಮನಿಮನಿಗೊಂದು ಬಣ್ಣದ ಚಿಂದಿ ಹಿಡಿಕಿಗೆ ಕಟ್ಟತಿದ್ವಿ. ನಂದು ಕೆಂಪು, ನಿಂದು ಹಸರು. ಆ ಬಕೀಟಿಗೆ ಹಸರು ಚಿಂದಿ ಇತ್ತು. ಚಿಂದಿ ನಂದೇ ಅಂತ ನೀನಾ ಒಪ್ಪಿಕೊಂಡಿ, ಹೆಡ್ ಮಾಸ್ತರ ಮುಂದ. ಗದ್ದಲದಾಗ ಹ್ಯಾಂಗೋ ಅದಲ ಬದಲ ಆಗಿರಬೇಕು. ನಾ ಏನು ಮಾಡ್ಲಿ?

ಅಮರೇಶ್ವರಿ


ತುರ್ವಿಹಾಳ
15 ಫೆಬ್ರವರಿ 2025

ಅಮರೇಶ್ವರಿಗೆ,

ಹ್ಯಾಂಗೋ ಅದಲ ಬದಲ ಆತೇನು? ಚಿಂದಿಗೆ ಕಾಲು ಬಂದಿದ್ವೇನು, ನಡಕೊಂಡು ಹೋಗಿ ನಿನ್ನ ಬಕೀಟಿನ ಮ್ಯಾಲೆ ಕುಂದರಾಕ?

ಬಾಯಿ ಮುಚ್ಚಿಕೊಂಡು ಎಂಟು ವರ್ಷ ಕುಂತೀನಿ, ನೀನಾ ಹೇಳ್ಲಿ ಅಂತ. ಈಗ ನಾ ಹೇಳ್ತೀನಿ ಕೇಳು. ಚಿಂದಿ ನಂದು ಅಂದೆ, ಯಾಕಂದ್ರ ಚಿಂದಿ ನಂದೇ. ನಮ್ಮವ್ವನ ಹಳೆ ಸೀರಿದು, ಹ್ಯಾಂಗ ಇಲ್ಲ ಅನ್ಲಿ? ಬಕೀಟು ನಂದಲ್ಲ ಅಂದೆ, ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ನಾ ಕಟ್ಟಿದ್ರ ಯಾವಾಗಲೂ ಎರಡು ಗಂಟು. ಅದರ ಮ್ಯಾಲೆ ಒಂದಾ ಗಂಟು ಇತ್ತು, ಅದೂ ಅವಸರದ್ದು. ಸಂಜಿಗೆ ಎಲ್ಲಾರೂ ಆಸ್ಪತ್ರಿಗೆ ಓಡಿದ ಮ್ಯಾಲೆ ಅಡಿಗಿ ಕೋಣಿಗೆ ಹೋಗಿ ನೋಡಿದೆ. ನನ್ನ ಬಕೀಟು ಒಲಿ ಹತ್ರ ಚಿಂದಿ ಇಲ್ಲದ ನಿಂತಿತ್ತು. ಆ ಕೋಣ್ಯಾಗ ಇದ್ದೋರು ನಾವಿಬ್ಬರಾ. ನನ್ನ ಚಿಂದಿ ನಾ ಬಿಚ್ಚಿಲ್ಲ. ಇನ್ನ ಉಳದಾಕಿ ಯಾರು?

ಸುಮ್ಮನಿದ್ದೆ, ಅದೇ ಪಾಪ ಅಂತೀ. ಸುಮ್ಮನಿರೂದಕ್ಕ ಕೈ ಬೇಕಾಗೂದಿಲ್ಲ. ಗಂಟು ಬಿಚ್ಚಿ ಗಂಟು ಕಟ್ಟಾಕ ಎರಡೂ ಕೈ ಬೇಕು.

ಮತ್ತ ಯಾಕ ಎಲ್ಲಾರೂ ಅಷ್ಟು ಜಲ್ದಿ ನಂಬಿದ್ರು ಅನ್ನೂದು ನಿನಗೂ ಗೊತ್ತು. ನಾ ಕೇರಿಯಾಕಿ. ಈಕಿ ಕೈ ಊಟ ನಮ್ಮ ಮಕ್ಕಳಿಗೆ ಬ್ಯಾಡ ಅಂತ ಮೊದಲಿಂದ ಗುಣಗುಣ ಅಂತಿದ್ರು, ಒಂದು ನೆವ ಬೇಕಾಗಿತ್ತು. ನೀನೂ ಆರು ವರ್ಷ ನನ್ನ ಜೋಡಿ ಒಂದಾ ಒಲಿ ಮುಂದ ಕುಂತಿ. ಮನಿಯಿಂದ ರೊಟ್ಟಿ ಕಟಗೊಂಡು ಬಂದು, ಮೂಲ್ಯಾಗ ಬೆನ್ನು ತಿರುವಿ ಉಣ್ತಿದ್ದಿ. ನಾ ಮಾಡಿದ ಸಾರು ಒಂದು ದಿನ ನಾಲಿಗಿಗೆ ಹಚ್ಚಲಿಲ್ಲ. ಈಗ ಆ ಮಂದಿರದಾಗ ಎಲ್ಲಾರ ಜೋಡಿ ಒಂದಾ ರೊಟ್ಟಿ ಮುರದು ತಿಂತೀಯಂತ. ಭೇಷ್! ಅಲ್ಲಿ ನಮ್ಮವ್ರ ಕೈ ಸ್ವಚ್ಛ ಆಗ್ಯಾವೇನು?

ದೇವರು ಕ್ಷಮಿಸ್ಯಾನ ಅಂದ್ರ ಅಂವನ್ನಾ ಚೀಟಿ ಕೇಳು. ನನ್ನ ಬಾಗಲಿಗೆ ಯಾಕ ಬಂದಿ? ಅಡಿಕಿಗೆ ಹೋದ ಮಾನ ಆನಿ ಕೊಟ್ರ ಬರೂದಿಲ್ಲ ಅಂತಾರ. ನಾ ಆನಿ ಕೇಳಿಲ್ಲ. ಹದಿನೇಳನೇ ತಾರೀಖು ಒಂದು ತಾಸು ಕೇಳೀನಿ.

ಪಂಪಾವತಿ


ಲಿಂಗಸುಗೂರು
3 ಮಾರ್ಚ್ 2025

ಪಂಪಾವತಿ,

ಹೌದು. ಚಿಂದಿ ಬಿಚ್ಚಿದಾಕಿ ನಾನಾ, ಕಟ್ಟಿದಾಕಿನೂ ನಾನಾ. ಬಕೀಟಿನ ವಾಸನಿ ಗೊತ್ತಾದ ಕೂಡ್ಲೇ ಅಂಜಿ ಮಾಡಿದೆ. ಇಷ್ಟು ಬರಿಯಾಕ ಹದಿನೈದು ದಿನ ಹಿಡೀತು.

ಮುಂದ ಬಂದು ಹೇಳೂಣ ಅಂತ ಶುಕ್ರವಾರ ತುರ್ವಿಹಾಳಕ್ಕ ಬಂದಿದ್ದೆ. ನಿನ್ನ ಮನಿಗೆ ಕೀಲಿ ಹಾಕಿತ್ತು. ಒಂದು ತಾಸು ಕಟ್ಟಿ ಮ್ಯಾಲೆ ಕುಂತು ವಾಪಸ್ ಬಂದೆ. ನಾ ಬಂದಿದ್ದೆ ಅನ್ನೂದರ ನೆನಪಿಟ್ಟುಕೊ. ಇನ್ನೊಮ್ಮೆ ಬರಾಕ ಮೊಣಕಾಲು ಕೇಳೂದಿಲ್ಲ.

ಇದಾ ಕಾಗದ ಸಭಾದಾಗ ಓದಿಸಿಬಿಡು. ನಾ ಬರೂದು ಬ್ಯಾಡ.

ಅಮರೇಶ್ವರಿ


ತುರ್ವಿಹಾಳ
6 ಮಾರ್ಚ್ 2025

ಅಮರೇಶ್ವರಿಗೆ,

ನನ್ನ ಮನಿಗೆ ಕೀಲಿ ಹಾಕಿತ್ತೇನು? ನನ್ನ ಮನಿ ಬಾಗಲದ ಚಿಲಕಾ ಕಿತ್ತು ಎರಡು ವರ್ಷ ಆತು. ಕೀಲಿ ಎಲ್ಲಿ ಹಾಕ್ಲಿ, ಗಾಳಿಗೇನು?

ಶಕೀಲ್ ಆಟೋ ನಡಸ್ತಾನಲ್ಲ, ನಿನಗೂ ಗೊತ್ತಿರಾಂವ. ಶುಕ್ರವಾರ ಮಸ್ಕಿಗೆ ಬಾಡಿಗಿ ಹೋಗಿದ್ದ. ಮಸ್ಕಿ ಬಸ್ ಸ್ಟ್ಯಾಂಡಿನ್ಯಾಗ ನಿನ್ನ ನೋಡ್ಯಾನ. ಸಿಂಧನೂರಿಗೆ ಹೋಗೂ ಬಸ್ಸಿಂದ ಇಳದಿ, ಚಹಾ ಕುಡದಿ, ಲಿಂಗಸುಗೂರು ಬಸ್ ಹತ್ತಿದಿ ಅಂತ. ಮೊಣಕಾಲು ನೋವು ಅಂತೀಯಲ್ಲ, ಓಡಿ ಹತ್ತಿದಳು ಅಂದ.

ಪಶ್ಚಾತ್ತಾಪದ ಕಾಗದದಾಗೂ ಸುಳ್ಳು ಬರೀತಿ. ನಾಚಿಗಿ ಅನ್ನೂದು ಐತೇನು ನಿನಗ? ನನ್ನ ಮಗಳು ದಿನಾ ಕೇಳಾಕತ್ತಾಳ, "ಅಮರೇಶ್ವರಿ ದೊಡ್ಡವ್ವ ಬರ್ತಾಳೇನವ್ವ" ಅಂತ. ಏನು ಹೇಳ್ಲಿ? ನಿಮ್ಮ ದೊಡ್ಡವ್ವ ಮಸ್ಕಿ ತನಕ ಬರ್ತಾಳ ಅಂತ ಹೇಳ್ಲೇನು?

ಕಾಗದ ನಾ ಓದಸೂದಿಲ್ಲ. ಕಾಗದ ನಾನಾ ಬರಕೊಂಡೀನಿ ಅಂತಾರ. ಈ ಊರಾಗ ಮಂದಿ ಮಾರಿ ನೋಡಿ ನಂಬ್ತಾರ.

ಪಂಪಾವತಿ


ಮಸ್ಕಿ
16 ಮಾರ್ಚ್ 2025, ಭಾನುವಾರ

ಪಂಪಾವತಿ,

ಇದನ್ನ ಬಸವಣ್ಣೆಮ್ಮನ ಮನ್ಯಾಗ ಕುಂತು ಬರಿಯಾಕತ್ತೀನಿ. ಶಕೀಲ್ ಕೈಯಾಗ ಕೊಟ್ಟು ಕಳಸ್ತೀನಿ. ನಾಳೆ ಮುಂಜಾನಿ ಅಂವನ ಆಟೋದಾಗಾ ಬರ್ತೀನಿ. "ನಾ ಇಳೀತೀನಿ ಅಂದ್ರೂ ಇಳಸಬ್ಯಾಡಪ್ಪ" ಅಂತ ಅಂವಗ ಹೇಳೀನಿ.

ಕೀಲಿ ಮಾತು ಸುಳ್ಳು. ಮಸ್ಕ್ಯಾಗ ಇಳದೆ, ವಾಪಸ್ ಬಸ್ ಹತ್ತಿ ಓಡಿ ಹೋದೆ. ಪಾಸ್ಟರ್ ಮುಂದ ಅದನ್ನೂ ಹೇಳಿದೆ. ಈ ಸಲ ಅಳಲಿಲ್ಲ, ಬರೇ ಹೇಳಿದೆ. ಅವ್ರು ಸಿಟ್ಟಿಗೆದ್ರು. "ತಪ್ಪು ಬಸ್ ಹತ್ತೀಯಮ್ಮ. ಸೀಟಿನ್ಯಾಗ ಕುಂತು ಅತ್ರ ನಿನ್ನ ಊರು ಬರ್ತದೇನು? ಇಳೀಬೇಕು, ರಸ್ತಾ ದಾಟಬೇಕು, ವಾಪಸ್ ಹೋಗೂ ಬಸ್ ಹತ್ತಬೇಕು. ಪಶ್ಚಾತ್ತಾಪ ಅಂದ್ರ ಅದು. ಮೂರು ವರ್ಷದಿಂದ ನೀ ಸೀಟಿನ್ಯಾಗ ಕುಂತು ಅಳಾಕತ್ತಿ, ನಾವು ಸ್ತೋತ್ರ ಅಂತ ಚಪ್ಪಾಳೆ ಬಡದ್ವಿ. ಆ ತಪ್ಪು ನಮ್ದೂ ಐತಿ" ಅಂದ್ರು. ನಾನೂ ಮಸ್ಕ್ಯಾಗ ಇಳದು ರಸ್ತಾ ದಾಟಿದ್ದೆ ಪಂಪಾವತಿ, ಆದ್ರ ಉಲ್ಟಾ.

ನಿನಗ ಗೊತ್ತಿರೂದು ಚಿಂದಿ ತನಕ. ಗೊತ್ತಿಲ್ಲದ್ದು ಒಂದು ಐತಿ. ನಮ್ಮೆಜಮಾನ್ರಿಗೂ ಗೊತ್ತಿಲ್ಲ. ನಾಳೆ ಸಭಾದಾಗ ಬಾಯಿ ಕಟ್ಟೀತು, ಅದಕ್ಕ ಮೊದಲು ನಿನಗ ಬರೀತೀನಿ.

ಮಕ್ಕಳಿಗೆ ಬಡಸೂ ಮುಂಚೆ ದಿನಾ ರುಚಿ ನೋಡಾಕಿ ನೀನು. ಅವತ್ತು ಸಾರು ಕುದಿಯಾಗ ಅಕ್ಕಿ ಚೀಲ ಬಂದ್ವು, ಇಳಸಾಕ ಹೆಡ್ ಮಾಸ್ತರ ನಿನ್ನ ಕರದ್ರು. ಬಕೀಟು ನಂದೇ. ಹಿಂದಿನ ದಿನ ನಮ್ಮೆಜಮಾನ್ರು ಅದರಾಗ ಎಣ್ಣಿ ಕಲಿಸಿದ್ರು ಅಂತ ನೀರು ತರಾಗ ನನಗ ಗೊತ್ತಿದ್ದಿಲ್ಲ, ಇದು ಖರೇ. ಸಾರು ಇಳಿಸಿ ರುಚಿ ನೋಡೂಣ ಅಂತ ಚಮಚ ಬಾಯಿ ತನಕ ತಂದೆ. ಬ್ಯಾಳಿ ತೊಳದಾಕಿ ನೀನು, ಒಗ್ಗರಣಿ ಹಾಕಿದಾಕಿ ನೀನು. ಆರು ವರ್ಷ ನೀ ಮುಟ್ಟಿದ್ದು ತಿಂದಿಲ್ಲ, ಇವತ್ತ್ಯಾಕ ತಿನ್ಲಿ ಅನಿಸ್ತು. ಸಾರು ಚೆಲ್ಲಿ ಚಮಚ ತೊಳದು ಇಟ್ಟೆ. ಹೆಡ್ ಮಾಸ್ತರ ಬಂದು "ರುಚಿ ನೋಡೀಯೇನಮ್ಮ" ಅಂದ್ರು. "ನೋಡೀನ್ರಿ ಸರ, ಬೇಷಾಗೈತ್ರಿ" ಅಂದೆ.

ಒಂದು ಹನಿ ನಾಲಿಗಿಗೆ ಹಚ್ಚಿದ್ರ ಗೊತ್ತಾಗ್ತಿತ್ತು. ಹದಿನೇಳು ಕೂಸು ವಾಂತಿ ಮಾಡ್ತಿದ್ದಿಲ್ಲ. ನಿನ್ನ ಜಾತಿ ನೋಡಿ ನಾ ತಿನ್ನಲಿಲ್ಲ, ಅದರ ಫಲ ಆ ಕೂಸುಗಳು ಉಂಡ್ವು, ತಪ್ಪು ನಿನ್ನ ಮ್ಯಾಲೆ ಬಿತ್ತು. ಮೈಕ್ ಹಿಡದು ಇಷ್ಟು ಸಲ ಸಾಕ್ಷಿ ಹೇಳೀನಿ, ಈ ಮಾತು ಒಮ್ಮೆನೂ ಬಾಯಿಗೆ ತಂದಿಲ್ಲ. ಇದನ್ನ ಬಿಟ್ಟು ಉಳದದ್ದೆಲ್ಲಾ ಹೇಳಿ ಅಳೂದು ಹಗುರ ಇತ್ತು.

ಚೀಟಿ ಬ್ಯಾಡ. ಕೇಳಿದ್ದು ತಪ್ಪಾತು.

ಅಮರೇಶ್ವರಿ


ತುರ್ವಿಹಾಳ
3 ಜೂನ್ 2025

ಅಮರೇಶ್ವರಿಗೆ,

ಎರಡೂವರೆ ತಿಂಗಳು ಬರೀಲಿಲ್ಲ. ಏನು ಬರೀಬೇಕು ತಿಳೀಲಿಲ್ಲ, ಸಿಟ್ಟೂ ಇಳೀಲಿಲ್ಲ. ಖರೇ ಹೇಳ್ತೀನಿ, ಮಸ್ಕಿ ಕಾಗದ ಓದಿದ ಮ್ಯಾಲೆ ಮೊದಲಿಗಿಂತ ಜಾಸ್ತಿ ಆತು. ಚಿಂದಿ ಅಂಜಿ ಕಟ್ಟಿದಿ, ಅದು ತಿಳೀತದ. ಚಮಚ ನೀ ಅಂಜಿ ತೊಳೀಲಿಲ್ಲ. ಆರು ವರ್ಷ ನಿನ್ನ ಅಕ್ಕ ಅಂದೆನಲ್ಲ ಅಂತ ನೆನಸಿಕೊಂಡು, ಮಿಲ್ಲಿನ್ಯಾಗ ನೆಲ್ಲು ಎಳಿಯಾಗ ಅತ್ತೀನಿ.

ಹದಿನೇಳಕ್ಕ ನೀ ಬಂದಿ. ಎಲ್ಲಾ ಹೇಳಿದಿ, ಬಕೀಟು, ಚಿಂದಿ, ಚಮಚ. ಮೂರು ಸಲ ಬಾಯಿ ಒಣಗಿ ನಿಂತಿ, ನೀರು ಕೊಡೋರೂ ಇದ್ದಿಲ್ಲ. ಮೈಕ್ ಇದ್ದಿಲ್ಲ, ಸ್ತೋತ್ರ ಅನ್ನೋರು ಇದ್ದಿಲ್ಲ. ನೀ ಅಳಲಿಲ್ಲ, ಅದನ್ನ ನೋಡೀನಿ. ಹಂಪಣ್ಣನ ಮಗಳು ಆ ಹದಿನೇಳು ಮಂದ್ಯಾಗ ಒಬ್ಬಾಕಿ. ಅಂವ ಚಪ್ಲಿ ತಗೊಂಡು ಎದ್ದಾಗ ದೀಪಿಕಾ ನಡುವ ಹೋಗಿ ನಿಂತಳು. ನಾ ಏಳಲಿಲ್ಲ. ಬೀಳ್ಲಿ ಒಂದು ಅಂತಾನಾ ಕುಂತಿದ್ದೆ, ಸುಳ್ಳು ಯಾಕ ಹೇಳ್ಲಿ.

ನಿನ್ನ ಗಂಡ ಮಾನಪ್ಪ ಅವತ್ತಿಂದ ನಿನ್ನ ಜೋಡಿ ಮಾತು ಬಿಟ್ಟಾನಂತ ಬಸವಣ್ಣೆಮ್ಮ ಹೇಳಿದಳು. ಈಸ್ಟರ್ ದಿನ ಪಾಸ್ಟರ್ ಚೀಟಿ ಇಲ್ಲದಿದ್ರೂ ನೀರಿಗೆ ಇಳಸ್ತೀನಿ ಅಂದ್ರಂತ. "ಆಕಿ ಇನ್ನೂ ಏನೂ ಅಂದಿಲ್ರಿ" ಅಂತ ನೀ ಹಿಂದಿನ ಸಾಲಿನ್ಯಾಗಾ ಕುಂತಿ ಅಂತ. ಅದೂ ನನಗ ಮುಟ್ಟೈತಿ.

ಕ್ಷಮಿಸೀನಿ ಅಂತ ಬರಿಯಾಕ ಎರಡು ಸಲ ಪೆನ್ನು ಹಿಡದೆ. ಕೈ ಏಳವಲ್ದು. ಮನಸಿನ್ಯಾಗ ಇಲ್ಲದ್ದು ಬರದು ಕೊಟ್ರ ನಾನೂ ನಿನ್ನಂಗಾ ಆಗ್ತೀನಿ. ಅದಕ್ಕ ಚೀಟಿ ಇಲ್ಲ.

ದೀಪಿಕಾಗ ಆರ್ಡರ್ ಬಂದೈತಿ. ಸೋಮವಾರ, ಒಂಬತ್ತನೇ ತಾರೀಖು ಮೊದಲ್ನೇ ದಿನ. ತಕರಾರು ಹೋತು, ಅಂಜಿಕಿ ಹೋಗಿಲ್ಲ. ನೀ ಎಲ್ಲಾ ಹೇಳಿದ ಮ್ಯಾಲೂ ತಾಯಂದಿರು ಕೂಸುಗಳನ್ನ ಕಳಸ್ತೀವಿ, ಊಟಕ್ಕ ಮಾತ್ರ ಮನಿಗೆ ಕರಕೊಂಡು ಹೋಗ್ತೀವಿ ಅನ್ನಾಕತ್ತಾರ. ಎಂಟು ವರ್ಷ ತಲಿಯಾಗ ಕುಂತದ್ದು ಒಂದು ತಾಸಿನ ಮಾತಿಗೆ ಇಳೀತದೇನು? ಅಲ್ಲಿ ಅಡಿಗಿ ಮಾಡೂ ಆಯಾ ಇನ್ನೂ ಬಂದಿಲ್ಲ. ಅವತ್ತೊಂದು ದಿನ ಅಡಿಗಿ ನಂದು. ಅನ್ನ, ಬ್ಯಾಳಿ ಸಾರು. ಬಡಸೂ ಮುಂಚೆ ಒಬ್ಬರು ರುಚಿ ನೋಡಬೇಕು, ನಿನಗ ಗೊತ್ತಿರೂದಾ. ಎಲ್ಲಾ ತಾಯಂದಿರ ಮುಂದ ನೋಡಬೇಕು.

ನೀ ಕಳಿಸಿದ ಲಕೋಟಿ ಬುದ್ಧನ ಹಿಂದ ಹಾಂಗಾ ಇತ್ತು. ಅದರಾಗಾ ಇದನ್ನ ಹಾಕಾಕತ್ತೀನಿ, ನೀ ಹಚ್ಚಿದ ಟಿಕೀಟು ಹಾಳಾಗಬಾರದು.

ಹನ್ನೆರಡು ಗಂಟೆಕ್ಕ ಊಟ. ಬರೂದಿದ್ರ ಮಸ್ಕ್ಯಾಗ ಇಳೀಬ್ಯಾಡ. ಮನಿಯಿಂದ ರೊಟ್ಟಿ ಕಟಗೊಂಡು ಬರಬ್ಯಾಡ.

ಪಂಪಾವತಿ